ಹೀತ್ ಬಯಲಿನ ಕಾಲುದಾರಿಗಳು: ಓದುಗರು ಕೇಳಿದ್ದು

ಇಂಗ್ಲೆಂಡಿನ ಸರ್ರೆ ಕೌಂಟಿಯ ಚಾಬಮ್ ಊರಿಗೆ ಅಂಟಿಕೊಂಡ ಕುರುಚಲು ಬಯಲು ಚಾಬಮ್ ಕಾಮನ್. ಇಂಥ ಮರಳುನೆಲದ ಬಯಲಿಗೆ ಅಲ್ಲಿ ‘ಹೀತ್’ ಎನ್ನುತ್ತಾರೆ. ಅಲ್ಲಿ ನಡೆದಾಡುವ ಕನ್ನಡಿಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಕಾಮನ್ ಎಂದರೆ ನಮ್ಮ ಗೋಮಾಳದ ಹಾಗೆಯೇ? ಎಲ್ಲಿ ಬೇಕಾದರೂ ನಡೆಯಬಹುದೆ? ನಕ್ಷೆಯಲ್ಲಿ ಕೆಲವು ದಾರಿ ಹಸಿರು, ಕೆಲವು ಕಪ್ಪು. ಯಾವುದನ್ನು ನಂಬಬೇಕು?

ಉತ್ತರ: ಹೋಲಿಕೆ ಅರ್ಧ ಸರಿ. ಗೋಮಾಳ ಸರ್ಕಾರದ ಜಮೀನು. ಕಾಮನ್‌ಗೆ ಸಾಮಾನ್ಯವಾಗಿ ಒಡೆಯರಿರುತ್ತಾರೆ: ಜಮೀನುದಾರರು, ಟ್ರಸ್ಟ್ ಇಲ್ಲವೆ ಕೌನ್ಸಿಲ್. ಊರಿನ ಕೆಲವು ಮನೆಗಳಿಗೆ ಅದರಲ್ಲಿ ದನ ಮೇಯಿಸುವ, ಉರುವಲಿಗೆ ಹೆಂಟೆ ಕಡಿಯುವ, ಸೌದೆ ಸೊಪ್ಪು ತರುವ ಹಕ್ಕು ತಲೆಮಾರುಗಳಿಂದ ಬಂದಿರುತ್ತದೆ. ನೋಂದಾಯಿತ ಕಾಮನ್‌ಗಳಲ್ಲಿ ಯಾರು ಬೇಕಾದರೂ ನಡೆದಾಡುವ ಹಕ್ಕು 2000ದ ಕಾಯ್ದೆಯಿಂದ ಬಂತು; ಕೆಲವು ಕಾಮನ್‌ಗಳಲ್ಲಿ ಅದು 1925ರ ಆಸ್ತಿ ಕಾಯ್ದೆಯಿಂದಲೇ ಇತ್ತು. 2000ದ ಕಾಯ್ದೆ ಕೊಟ್ಟಿರುವುದು ಕಾಲ್ನಡಿಗೆಯ ಹಕ್ಕು ಮಾತ್ರ, ಸೈಕಲ್ಲಿನದಲ್ಲ.

ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ ತೆಗೆದುಕೊಳ್ಳಿ. ಚಾಬಮ್‌ಗೆ 160ನೇ ಹಾಳೆ. ಅದರಲ್ಲಿ 4 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ. ಹಸಿರಿನ ಚಿಕ್ಕ ತುಂಡುಗೆರೆ ಫುಟ್‌ಪಾತ್, ಅಂದರೆ ಕಾಲ್ನಡಿಗೆಯ ದಾರಿ; ಉದ್ದ ತುಂಡುಗೆರೆ ಬ್ರೈಡಲ್‌ವೇ, ಅಂದರೆ ಕುದುರೆ, ಸೈಕಲ್ಲೂ ಬರುವ ದಾರಿ. ಕಪ್ಪು ತುಂಡುಗೆರೆ ಎಂದರೆ ಸರ್ವೆಯವರಿಗೆ ಅಲ್ಲೊಂದು ದಾರಿ ಕಂಡಿತ್ತು ಎಂದಷ್ಟೇ. ಅದು ಹಕ್ಕಿನ ದಾರಿಯೆಂಬುದಕ್ಕೆ ಪುರಾವೆಯಲ್ಲ. ಕಾಮನ್ ಒಳಗೆ ಅದರಲ್ಲಿ ನಡೆಯಲು ಅಡ್ಡಿಯಿಲ್ಲ. ಆದರೆ ಜುಲೈ ಹೊತ್ತಿಗೆ ಬ್ರ್ಯಾಕನ್ ಎಂಬ ಜರೀಗಿಡ ಎದೆಮಟ್ಟ ಬೆಳೆದು ಅಂಥ ಎಷ್ಟೋ ದಾರಿಗಳನ್ನು ನುಂಗಿಬಿಡುತ್ತದೆ. ಮೊದಲ ಸಲ ಹೋಗುವವರು ಹಸಿರು ಗೆರೆಯನ್ನೇ ಹಿಡಿಯಿರಿ.

ನೆಲದ ಮೇಲೆ ಕಂಬಗಳ ಬಾಣ ನೋಡಿ. ಹಳದಿ ಕಾಲ್ನಡಿಗೆಗೆ ಮಾತ್ರ. ನೀಲಿ ದಾರಿಯಲ್ಲಿ ಕುದುರೆ, ಸೈಕಲ್ಲೂ ಬರುತ್ತವೆ. ಸೈಕಲ್ಲಿನವರು ನಿಮಗೆ ದಾರಿ ಬಿಡಬೇಕೆಂಬುದು 1968ರಿಂದ ಇರುವ ನಿಯಮ. ಕುದುರೆ ಬಂದರೆ ಒಂದು ಪಕ್ಕಕ್ಕೆ ನಿಂತು ಮೆಲ್ಲಗೆ ಮಾತಾಡಿ. ನೀವು ಮನುಷ್ಯರೆಂದು ಅದಕ್ಕೆ ಗೊತ್ತಾದರೆ ಬೆದರುವುದಿಲ್ಲ.

ಪ್ರಶ್ನೆ: ಮರಳು ನೆಲ ನೀರು ಹೀರಬೇಕಲ್ಲವೆ? ಮಳೆ ನಿಂತು ಮೂರು ದಿನವಾದರೂ ದಾರಿಯಲ್ಲಿ ಬೂಟು ಹೂತುಹೋಯಿತು.

ಉತ್ತರ: ಹೀತ್ ನೆಲದ ಮರಳು ಹುಳಿಮಣ್ಣು. ಮಳೆನೀರು ಅದರೊಳಗಿನ ಕಬ್ಬಿಣದ ಅಂಶವನ್ನು ಕರಗಿಸಿ ಕೆಳಕ್ಕಿಳಿಸುತ್ತದೆ. ಕೆಲವೆಡೆ ಅದು ಕೆಳಗೆ ಹೆಪ್ಪುಗಟ್ಟಿ ತೆಳ್ಳನೆಯ ಗಟ್ಟಿ ಪದರವಾಗುತ್ತದೆ. ನೀರು ಆ ಪದರ ದಾಟದೆ ಮೇಲೆಯೇ ನಿಲ್ಲುತ್ತದೆ. ತಗ್ಗಿನಲ್ಲಂತೂ ನೆಲ ಕೊಳೆತ ಪಾಚಿಯ ಜೌಗು.

ಕಾಲಿಡುವ ಮೊದಲು ಗಿಡ ನೋಡಿ, ಅದೇ ಹೇಳುತ್ತದೆ. ಕಡುನೇರಳೆ ಗಂಟೆಯಂಥ ಹೂವಿನ ಬೆಲ್ ಹೆದರ್ ಇದ್ದರೆ ಒಣನೆಲ. ಎಲೆಗಳು ನಾಲ್ಕು ನಾಲ್ಕಾಗಿ ಶಿಲುಬೆಯಾಕಾರದಲ್ಲಿದ್ದು, ತುದಿಯಲ್ಲಿ ತಿಳಿಗುಲಾಬಿ ಹೂಗೊಂಚಲಿದ್ದರೆ ಅದು ಕ್ರಾಸ್‌ಲೀವ್ಡ್ ಹೀತ್ ಎಂಬ ಗಿಡ. ಅಲ್ಲಿ ಪಸೆ ಇದೆ. ಸ್ಫ್ಯಾಗ್ನಮ್ ಪಾಚಿಯ ಹಸಿರು ಮೆತ್ತೆ, ಕೀಟ ಹಿಡಿಯುವ ಕೆಂಪು ಸನ್‌ಡ್ಯೂ ಕಂಡರೆ ಹಿಂದಕ್ಕೆ ಬನ್ನಿ. ಆಗಸ್ಟ್‌ನಲ್ಲಿ ಬಯಲಿಗೆಲ್ಲ ನೇರಳೆ ಬಳಿಯುವ ಲಿಂಗ್ ಹೆದರ್ ಎರಡು ಬಗೆಯ ನೆಲದಲ್ಲೂ ಬೆಳೆಯುತ್ತದೆ, ಅದನ್ನು ನೆಚ್ಚಬೇಡಿ.

ದಾರಿಯಲ್ಲೇ ನೀರು ನಿಂತಿದ್ದರೆ ಬಳಸಿಕೊಂಡು ಹೋಗದೆ ನಡುವೆಯೇ ದಾಟಿ. ಒಬ್ಬರು ಬಳಸಿದ ಜಾಗದಲ್ಲಿ ಹೆದರ್ ಸಾಯುತ್ತದೆ, ಅಲ್ಲೂ ಕೆಸರಾಗುತ್ತದೆ, ಮುಂದಿನವರು ಇನ್ನೂ ಆಚೆಗೆ ಸರಿಯುತ್ತಾರೆ. ಮೂರಡಿಯ ದಾರಿ ಮೂವತ್ತಡಿ ಅಗಲವಾಗುವುದು ಹೀಗೆಯೇ. ಗಿಣ್ಣು ಮುಚ್ಚುವ, ನೀರು ಇಳಿಯದ ಬೂಟು ಬೇಕು. ಓಟದ ಶೂ ಸಾಲದು. ಸಡಿಲ ಮರಳಿನಲ್ಲಿ ವೇಗವೂ ತಗ್ಗುತ್ತದೆ. ಗಂಟೆಗೆ 5 ಕಿ.ಮೀ. ನಡೆಯುವವರು ಮೂರೂವರೆಯ ಲೆಕ್ಕ ಹಿಡಿಯಿರಿ.

ಪ್ರಶ್ನೆ: ಬಯಲು ಇಷ್ಟು ವಿಶಾಲವಾಗಿದೆ. ನಾಯಿಯ ಹಗ್ಗ ಬಿಚ್ಚಿದರೆ ತಪ್ಪೇನು?

ಉತ್ತರ: 2000ದ ಕಾಯ್ದೆಯಡಿ ತೆರೆದ ಕಾಮನ್‌ಗಳಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ನಾಯಿ 2 ಮೀಟರ್ ಮೀರದ ಹಗ್ಗದಲ್ಲಿರಬೇಕು, ದನಕುರಿಗಳ ಹತ್ತಿರ ವರ್ಷವಿಡೀ ಇರಬೇಕು. 1925ರ ಕಾಯ್ದೆಯಡಿ ಮೊದಲೇ ತೆರೆದಿದ್ದ ಕಾಮನ್‌ಗಳಲ್ಲಿ ನಿಯಮ ಬೇರೆಯಿರಬಹುದು, ಬಾಗಿಲ ಬಳಿಯ ಫಲಕ ಓದಿ. ನಿಯಮ ಹೇಗೇ ಇರಲಿ, ಮಾರ್ಚ್‌ನಿಂದ ಆಗಸ್ಟ್ ಮುಗಿಯುವವರೆಗೆ ಹಗ್ಗ ಬಿಚ್ಚಬೇಡಿ, ನೀವೂ ದಾರಿ ಬಿಟ್ಟು ಆಚೆ ಹೋಗಬೇಡಿ ಎಂಬುದು ನಮ್ಮ ಮಾತು.

ಕಾರಣ ನೈಟ್‌ಜಾರ್, ನಮ್ಮ ನತ್ತಿಂಗದ ಬಳಗದ ಹಕ್ಕಿ. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬಂದು ಬರಿನೆಲದ ಮೇಲೆ ಎರಡು ಮೊಟ್ಟೆ ಇಡುತ್ತದೆ. ಗೂಡೇ ಕಟ್ಟುವುದಿಲ್ಲ. ತರಗೆಲೆಯ ಬಣ್ಣಕ್ಕೆ ಬೆರೆತು ಕೂತ ತಾಯಿ ನಿಮ್ಮ ಕಣ್ಣಿಗೆ ಬೀಳದು, ನಾಯಿಯ ಮೂಗಿಗೆ ಸಿಗುತ್ತದೆ. ತಾಯಿ ಎದ್ದು ಹಾರಿದರೆ ಮೊಟ್ಟೆ ಬಯಲಾಗಿ ಕಾಗೆಯ ಪಾಲು. ವುಡ್‌ಲಾರ್ಕ್ ನೆಲದಲ್ಲೂ ಡಾರ್ಟ್‌ಫರ್ಡ್ ವಾರ್ಬ್ಲರ್ ತಗ್ಗಿನ ಗೋರ್ಸ್ ಮುಳ್ಳುಪೊದೆಯಲ್ಲೂ ಮರಿಮಾಡುತ್ತವೆ. ಈ ಮೂರು ಹಕ್ಕಿಗಳಿಗಾಗಿಯೇ ಚಾಬಮ್ ಸೇರಿದಂತೆ ಥೇಮ್ಸ್ ಬೇಸಿನ್ ಹೀತ್‌ಗಳನ್ನು 2005ರಲ್ಲಿ ವಿಶೇಷ ರಕ್ಷಣಾ ಪ್ರದೇಶವೆಂದು ಘೋಷಿಸಲಾಯಿತು.

ಪ್ರಶ್ನೆ: ರಕ್ಷಿತ ಜಾಗವೆನ್ನುತ್ತಾರೆ, ಆದರೆ ಮರ ಕಡಿಯುತ್ತಾರೆ!

ಉತ್ತರ: ಬೇಸರ ಅರ್ಥವಾಗುತ್ತದೆ, ಆದರೆ ಕಡಿಯಲೇಬೇಕು. ಹೀತ್ ಜನರು ಮೇಯಿಸಿ, ಕಡಿದು, ಸುಟ್ಟು ಸಾವಿರಾರು ವರ್ಷಗಳಲ್ಲಿ ಉಳಿಸಿಕೊಂಡ ಬಯಲು. ದನವೂ ಕತ್ತಿಯೂ ದೂರವಾದರೆ ಬರ್ಚ್, ಪೈನ್ ಸಸಿಗಳು ಮೇಲೆದ್ದು ಕಾಡಾಗುತ್ತದೆ. 1800ರಿಂದ ಈಚೆಗೆ ಇಂಗ್ಲೆಂಡಿನ ತಗ್ಗುನಾಡಿನ ಹೀತ್‌ನಲ್ಲಿ ಶೇಕಡಾ 80ಕ್ಕೂ ಹೆಚ್ಚು ಹೀಗೆ ಕಾಡಾಗಿ, ಹೊಲವಾಗಿ, ಮನೆಗಳಾಗಿ ಹೋಯಿತು.

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಉಣುಗು ಎಂದರೆ ಮಂಗನ ಕಾಯಿಲೆಯೇ ನೆನಪಾಗುತ್ತದೆ. ಇಲ್ಲಿಯೂ ಹಾಗೆಯೇ? ಹಾವು ಇದೆಯೆ?

ಉತ್ತರ: ಉಣುಗು ಇದೆ, ಕಾಯಿಲೆ ಬೇರೆ. ಮಂಗನ ಕಾಯಿಲೆ ವೈರಸ್ಸಿನದು. ಇಲ್ಲಿನ ಲೈಮ್ ಕಾಯಿಲೆ ಬ್ಯಾಕ್ಟೀರಿಯಾದ್ದು, ಹಾಗಾಗಿ ಆಂಟಿಬಯಾಟಿಕ್‌ಗೆ ಬಗ್ಗುತ್ತದೆ. ಮರಿ ಉಣುಗು ಗಸಗಸೆಯಷ್ಟೇ ಇರುತ್ತದೆ. ತಿಳಿಬಣ್ಣದ ಉದ್ದ ಪ್ಯಾಂಟ್ ಹಾಕಿ, ಕಾಲುಚೀಲದೊಳಗೆ ಸಿಗಿಸಿ. ಮನೆಗೆ ಬಂದ ಕೂಡಲೇ ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಮಕ್ಕಳ ಕೂದಲಂಚು ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನಿಧಾನವಾಗಿ ನೇರ ಮೇಲಕ್ಕೆಳೆಯಿರಿ. ಸುಣ್ಣ, ಹೊಗೆಸೊಪ್ಪು, ಸೀಮೆಎಣ್ಣೆ ಬೇಡ. ಕೆರಳಿದ ಉಣುಗು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ತೆಗೆದ ದಿನವನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಕಚ್ಚಿದಲ್ಲಿ ಹರಡುವ ಕೆಂಪು ಕಲೆ ಹೆಚ್ಚಾಗಿ 1ರಿಂದ 4 ವಾರದೊಳಗೆ ಏಳುತ್ತದೆ, 3 ತಿಂಗಳವರೆಗೂ ತಡವಾಗಬಹುದು. ತುರಿಕೆ ಇಲ್ಲವೆಂದು ಸುಮ್ಮನಿರದೆ ಜಿಪಿಗೆ, ಅಂದರೆ ನಿಮ್ಮ ಊರಿನ ಸಾಮಾನ್ಯ ವೈದ್ಯರಿಗೆ, ತೋರಿಸಿ.

ಹಾವೆಂದರೆ ಆಡರ್, ಬ್ರಿಟನ್ನಿನ ಒಂದೇ ವಿಷದ ಹಾವು. ಬೆನ್ನ ಮೇಲೆ ಅಂಕುಡೊಂಕು ಕಪ್ಪುಪಟ್ಟಿ. ವಸಂತದ ಬೆಳಿಗ್ಗೆ ದಾರಿಯಂಚಿನಲ್ಲಿ ಬಿಸಿಲು ಕಾಯುತ್ತದೆ, ನಿಂತರೆ ತಾನೇ ಸರಿದುಹೋಗುತ್ತದೆ. ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಕೈಕಾಲು ಅಲುಗಿಸದೆ 999ಕ್ಕೆ ಕರೆಮಾಡಿ. ಬಯಲಿನಲ್ಲಿ ಬೀದಿಯ ಹೆಸರಿಲ್ಲ. ಆದ್ದರಿಂದ ನೀವಿರುವ ಜಾಗ ತಿಳಿಸುವ ನಕ್ಷೆಯ ಗ್ರಿಡ್ ಸಂಖ್ಯೆ ಓದುವುದನ್ನು ಹೊರಡುವ ಮುಂಚೆಯೇ ಕಲಿತಿರಿ: ಮೊದಲು ಎಡದಿಂದ ಬಲಕ್ಕೆ, ಆಮೇಲೆ ಕೆಳಗಿನಿಂದ ಮೇಲಕ್ಕೆ.