ಇಂಗ್ಲಿಷಿನ ‘ಅಪ್’ ಪದಕ್ಕೆ ಇಷ್ಟೊಂದು ಅರ್ಥಗಳೇಕೆ? ಎಲ್ಲವನ್ನೂ ಉರು ಹೊಡೆಯಬೇಕೇ?

‘ಅಪ್’ ಅಂದರೆ ‘ಮೇಲೆ’ ಎಂದು ಶಾಲೆಯಲ್ಲಿ ಕಲಿತೆ, ಆದರೆ ‘ಡ್ರಿಂಕ್ ಅಪ್’, ‘ಗಿವ್ ಅಪ್’, ‘ಟೈಮ್ ಈಸ್ ಅಪ್’ ಇವುಗಳಲ್ಲಿ ‘ಮೇಲೆ’ ಎಲ್ಲಿದೆ ಎಂದು ಕೇಳಿದ್ದೀರಿ. ಒಂದೊಂದನ್ನೂ ಬೇರೆ ಬೇರೆಯಾಗಿ ಉರು ಹೊಡೆಯಬೇಕೇ ಎಂಬುದೂ ನಿಮ್ಮ ಪ್ರಶ್ನೆ.

ಬೇಡ. ಕನ್ನಡ ಬಲ್ಲವರಿಗೆ ಈ ಪದದ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ. ‘ಹಾಲು ಕುಡಿದ’ ಅನ್ನುವುದಕ್ಕೂ ‘ಹಾಲು ಕುಡಿದುಬಿಟ್ಟ’ ಅನ್ನುವುದಕ್ಕೂ ಇರುವ ವ್ಯತ್ಯಾಸ ನೋಡಿ. ಮೊದಲನೆಯದರಲ್ಲಿ ಲೋಟದಲ್ಲಿ ಇನ್ನೂ ಸ್ವಲ್ಪ ಹಾಲು ಉಳಿದಿರಬಹುದು. ಎರಡನೆಯದರಲ್ಲಿ ಲೋಟ ಖಾಲಿ. ‘ಕುಡಿದುಬಿಟ್ಟ’ ಅಂದಾಗ ಅವನು ಏನನ್ನು ‘ಬಿಟ್ಟ’ ಎಂದು ನಾವು ಯಾರೂ ಕೇಳುವುದಿಲ್ಲ. ಅಲ್ಲಿ ‘ಬಿಡು’ ತನ್ನ ಮೂಲ ಅರ್ಥ ಕಳಚಿಟ್ಟು, ಕೆಲಸ ಪೂರ್ತಿಯಾಯಿತು ಎಂದಷ್ಟೇ ಹೇಳುತ್ತದೆ. ‘ಡ್ರಿಂಕ್ ಅಪ್’ನ ‘ಅಪ್’ ಮಾಡುವುದೂ ಇದೇ ಕೆಲಸ. ‘ಟೇರ್ ದ ಲೆಟರ್’ ಅಂದರೆ ಕಾಗದ ಒಂದು ಮೂಲೆಯಲ್ಲಿ ಹರಿದಿರಬಹುದು. ‘ಟೇರ್ ಅಪ್ ದ ಲೆಟರ್’ ಅಂದರೆ ಚೂರುಚೂರು ಮಾಡುವುದು. ನಮ್ಮ ‘ಹರಿ’ ಮತ್ತು ‘ಹರಿದುಹಾಕು’ ನಡುವಿನ ಅಂತರ ಇಷ್ಟೇ ಅಲ್ಲವೇ?

‘ಮೇಲೆ’ ಎಂಬ ಅರ್ಥದಿಂದ ‘ಪೂರ್ತಿ’ ಎಂಬ ಅರ್ಥಕ್ಕೆ ದಾರಿ ಹೇಗಾಯಿತು ಎಂದು ತಿಳಿಯಲು ಒಂದು ಕೊಡಕ್ಕೆ ನೀರು ತುಂಬುವುದನ್ನು ಕಣ್ಣಮುಂದೆ ತಂದುಕೊಳ್ಳಿ. ನೀರಿನ ಮಟ್ಟ ಏರುತ್ತದೆ, ಕಂಠ ಮುಟ್ಟುತ್ತದೆ, ಅಲ್ಲಿಗೆ ಕೆಲಸ ಮುಗಿಯುತ್ತದೆ. ಏರುವುದು, ಅಂಚು ಮುಟ್ಟುವುದು, ಮುಗಿಯುವುದು ಮೂರೂ ಒಂದೇ ಘಟನೆಯಲ್ಲಿವೆ. ‘ಫಿಲ್ ಅಪ್’ನಲ್ಲಿ ಮೂರೂ ಉಳಿದುಕೊಂಡಿವೆ. ‘ಟೈಮ್ ಈಸ್ ಅಪ್’ನಲ್ಲಿ ಉಳಿದದ್ದು ಅಂಚು ಮುಟ್ಟಿ ಮುಗಿದದ್ದು ಮಾತ್ರ, ಅಂದರೆ ಕೊಟ್ಟ ಸಮಯ ತುಂಬಿತು. ‘ಯೂಸ್ ಅಪ್’, ‘ಡ್ರೈ ಅಪ್’ಗಳಲ್ಲಂತೂ ಮಟ್ಟ ಇಳಿಯುತ್ತಲೇ ಹೋಗುತ್ತದೆ, ಆದರೂ ಪದ ‘ಅಪ್’. ಏರಿಕೆ ಬಿದ್ದುಹೋಗಿ ‘ಮುಗಿಯಿತು’ ಎಂಬುದೊಂದೇ ಉಳಿದಿದೆ.

ಈ ‘ಪೂರ್ತಿ’ ಅರ್ಥವನ್ನು ಬಳಸುವಾಗ ಎರಡು ಎಚ್ಚರಿಕೆ ಬೇಕು. ಒಂದು, ಕರ್ಮಕ್ಕೆ ಒಂದು ಮಿತಿ ಇರಬೇಕು. ‘ಡ್ರಿಂಕ್ ಅಪ್ ಯುವರ್ ಮಿಲ್ಕ್’ ಸರಿ, ಏಕೆಂದರೆ ಲೋಟದಲ್ಲಿರುವಷ್ಟು ಹಾಲು ಎಂದು ಗೊತ್ತಿದೆ. ‘ಐ ಡ್ರಿಂಕ್ ಅಪ್ ಮಿಲ್ಕ್ ಎವ್ರಿ ಡೇ’ ತಪ್ಪು, ಏಕೆಂದರೆ ಅಲ್ಲಿ ಎಷ್ಟು ಹಾಲು ಎಂಬುದೇ ಇಲ್ಲ. ಸಮಯ ಸೇರಿಸಿ ನೋಡಿದರೂ ಇದು ಗೊತ್ತಾಗುತ್ತದೆ. ‘ಇನ್ ಟೂ ಮಿನಿಟ್ಸ್’ (ಎರಡು ನಿಮಿಷದಲ್ಲಿ) ‘ಡ್ರ್ಯಾಂಕ್ ಅಪ್’ ಜೊತೆ ಹೊಂದುತ್ತದೆ, ‘ಫಾರ್ ಟೂ ಮಿನಿಟ್ಸ್’ (ಎರಡು ನಿಮಿಷದ ತನಕ) ಹೊಂದುವುದಿಲ್ಲ. ಎರಡು, ‘ಬಿಡು’ ಇದ್ದಲ್ಲೆಲ್ಲ ‘ಅಪ್’ ಹಾಕಬೇಡಿ. ‘ಜಾರಿ ಬಿದ್ದುಬಿಟ್ಟ’ ಅನ್ನುವಾಗ ನಮ್ಮ ‘ಬಿಡು’ ‘ಅಯ್ಯೋ, ಹೀಗಾಯಿತಲ್ಲ’ ಎಂಬ ಭಾವವನ್ನೂ ಹೊತ್ತಿರುತ್ತದೆ. ಇಂಗ್ಲಿಷಿನ ‘ಅಪ್’ಗೆ ಆ ಭಾವವಿಲ್ಲ.

ಉಳಿದ ಅರ್ಥಗಳಿಗೂ ಕನ್ನಡದಲ್ಲಿ ನೆಂಟರಿದ್ದಾರೆ. ‘ಬ್ರಿಂಗ್ ಅಪ್ ಎ ಮ್ಯಾಟರ್’ ಅಂದರೆ ವಿಷಯ ಎತ್ತುವುದು. ಮಾತು ‘ಎತ್ತುವುದು’, ಪ್ರಶ್ನೆ ‘ಏಳುವುದು’ ನಮ್ಮಲ್ಲೂ ಇವೆ, ಅಡಗಿದ್ದದ್ದು ಮೇಲೆ ಬಂದು ಕಣ್ಣಿಗೆ ಬೀಳುವ ಅರ್ಥ. ‘ಶೋ ಅಪ್’, ‘ಟರ್ನ್ ಅಪ್’, ‘ಸಮ್‌ಥಿಂಗ್ ಕೇಮ್ ಅಪ್’ ಇದೇ ಗುಂಪು. ‘ಸೇವ್ ಅಪ್’ ಅಂದರೆ ಕೂಡಿಡುವುದು, ‘ಪ್ಯಾಕ್ ಅಪ್’ ಅಂದರೆ ಕಟ್ಟಿಡುವುದು, ‘ಆ್ಯಡ್ ಅಪ್’ ಅಂದರೆ ಕೂಡಿಸುವುದು. ಚದುರಿದ್ದನ್ನು ಒಂದೆಡೆ ರಾಶಿ ಹಾಕಿದರೆ ರಾಶಿ ಎತ್ತರವಾಗುತ್ತದೆ, ಅಷ್ಟೇ. ‘ಸ್ಪೀಡ್ ಅಪ್’, ‘ಸ್ಪೀಕ್ ಅಪ್’ ವಿವರಿಸಬೇಕಿಲ್ಲ, ನಾವೂ ವೇಗ ಏರಿಸುತ್ತೇವೆ, ದನಿ ಏರಿಸುತ್ತೇವೆ.

‘ಗಿವ್ ಅಪ್’ ನನಗೆ ಬಹಳ ಇಷ್ಟವಾದ ಉದಾಹರಣೆ. ಕೈಯಲ್ಲಿರುವುದನ್ನು ಎದುರಿನವನಿಗೆ ಒಪ್ಪಿಸುವುದು, ಕೋಟೆಯನ್ನು ಶತ್ರುವಿಗೆ ಬಿಟ್ಟುಕೊಡುವುದು ಇದರ ಹಳೆಯ ಅರ್ಥ. ‘ಬಿಟ್ಟುಕೊಡು’ ಎಂಬ ನಮ್ಮ ಪದದಲ್ಲೂ ‘ಕೊಡು’ ಇದೆ, ಗಮನಿಸಿ. ಅಲ್ಲಿಂದ ಪ್ರಯತ್ನ ಕೈಬಿಡುವುದು, ಚಟ ಬಿಡುವುದು ಬಂದವು. ಇದರ ಮುಂದೆ ಕ್ರಿಯಾಪದ ಬಂದರೆ ಅದು ‘ಇಂಗ್’ ರೂಪದಲ್ಲೇ ಇರಬೇಕು. ‘ಹಿ ಗೇವ್ ಅಪ್ ಸ್ಮೋಕಿಂಗ್’ ಸರಿ, ‘ಗೇವ್ ಅಪ್ ಟು ಸ್ಮೋಕ್’ ತಪ್ಪು.

‘ಮೇಕ್ ಅಪ್’ ಮಾತ್ರ ನಿಜಕ್ಕೂ ತೊಡಕಿನದು. ಕಥೆ ಕಟ್ಟುವುದು, ಜಗಳವಾದ ಮೇಲೆ ರಾಜಿಯಾಗುವುದು, ಮುಖಕ್ಕೆ ಬಣ್ಣ ಹಚ್ಚುವುದು, ಮನಸ್ಸು ಗಟ್ಟಿ ಮಾಡಿ ತೀರ್ಮಾನಿಸುವುದು, ಹಲವು ಭಾಗ ಸೇರಿ ಒಂದಾಗುವುದು ಎಲ್ಲಕ್ಕೂ ಅದೇ. ಹಿಂದೆಮುಂದೆ ಇರುವ ಪದಗಳೇ ಇಲ್ಲಿ ದಾರಿ. ‘ಸ್ಟೋರಿ’ ಇದ್ದರೆ ಕಟ್ಟುವುದು, ‘ಮೈಂಡ್’ ಇದ್ದರೆ ತೀರ್ಮಾನ, ‘ವಿತ್’ ಮತ್ತು ಒಬ್ಬ ವ್ಯಕ್ತಿ ಇದ್ದರೆ ರಾಜಿ, ‘ಫಾರ್’ ಬಂದರೆ ಕಳೆದದ್ದನ್ನು ಸರಿದೂಗಿಸುವುದು.

‘ಅಪ್ ಟು’ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಇಲ್ಲಿ ತಪ್ಪಾದರೆ ನಷ್ಟವಾಗುತ್ತದೆ. ‘ಅಪ್ ಟು 50 ಪರ್ಸೆಂಟ್ ಆಫ್’ ಅಂದರೆ ಎಲ್ಲದಕ್ಕೂ ಅರ್ಧ ಬೆಲೆ ಅಲ್ಲ, ರಿಯಾಯಿತಿಯ ಮೇಲ್ಮಿತಿ 50 ಎಂದರ್ಥ, ಹೆಚ್ಚಿನ ವಸ್ತುಗಳಿಗೆ 10 ಇರಬಹುದು. ‘ಅಪ್ ಟು 10 ಮಾರ್ಚ್’ ಎಂದು ಬರೆದರೆ 10ನೇ ತಾರೀಖು ಸೇರಿತೋ ಇಲ್ಲವೋ ಎಂಬ ಜಗಳಕ್ಕೆ ದಾರಿಯಾಗುತ್ತದೆ, ನಮ್ಮ ‘ವರೆಗೆ’ಯದೂ ಅದೇ ತೊಂದರೆ. ಕರಾರು, ಅರ್ಜಿಗಳಲ್ಲಿ ‘ಅಪ್ ಟು ಆ್ಯಂಡ್ ಇನ್‌ಕ್ಲೂಡಿಂಗ್’ ಎಂದೇ ಬರೆಯಿರಿ. ಇನ್ನು ‘ಇಟ್ಸ್ ಅಪ್ ಟು ಯೂ’ ಅಂದರೆ ‘ಅದು ನಿಮಗೆ ಬಿಟ್ಟದ್ದು’, ‘ಹಿ ಈಸ್ ಅಪ್ ಟು ಸಮ್‌ಥಿಂಗ್’ ಅಂದರೆ ಅವನು ಏನೋ ಕಿತಾಪತಿ ನಡೆಸಿದ್ದಾನೆ.

ಅರ್ಥ ಗೊತ್ತಿದ್ದೂ ಹೆಚ್ಚು ತಪ್ಪಾಗುವುದು ಪದಗಳನ್ನು ಜೋಡಿಸುವಾಗ. ಈ ಎರಡು ವಾಕ್ಯ ನೋಡಿ: ‘ಶಿ ಲುಕ್ಡ್ ಅಪ್ ದ ಪೈಪ್’, ‘ಶಿ ಲುಕ್ಡ್ ಅಪ್ ದ ವರ್ಡ್’. ಮೊದಲನೆಯದರಲ್ಲಿ ಅವಳು ಕೊಳವೆಯೊಳಗೆ ಮೇಲ್ಮುಖವಾಗಿ ನೋಡಿದಳು, ‘ಅಪ್’ ಸೇರಿರುವುದು ಕೊಳವೆಗೆ. ಎರಡನೆಯದರಲ್ಲಿ ನಿಘಂಟಿನಲ್ಲಿ ಪದ ಹುಡುಕಿದಳು, ‘ಅಪ್’ ಸೇರಿರುವುದು ಕ್ರಿಯಾಪದಕ್ಕೆ. ಹೆಸರಿನ ಜಾಗಕ್ಕೆ ‘ಇಟ್’ ಹಾಕಿದ ಕೂಡಲೇ ಗುಟ್ಟು ರಟ್ಟಾಗುತ್ತದೆ. ಕೊಳವೆಗಾದರೆ ‘ಲುಕ್ಡ್ ಅಪ್ ಇಟ್’, ಪದಕ್ಕಾದರೆ ‘ಲುಕ್ಡ್ ಇಟ್ ಅಪ್’. ಎರಡನೆಯ ಬಗೆಯಲ್ಲಿ ಪೂರ್ತಿ ಹೆಸರಿದ್ದಾಗ ‘ಪಿಕ್ ಅಪ್ ದ ಬುಕ್’, ‘ಪಿಕ್ ದ ಬುಕ್ ಅಪ್’ ಎರಡೂ ನಡೆಯುತ್ತವೆ. ‘ಇಟ್’, ‘ಹಿಮ್’, ‘ದೆಮ್’ ಬಂದಾಗ ಅವು ನಡುವೆಯೇ ಕೂರಬೇಕು. ಆದರೆ ‘ಪುಟ್ ಅಪ್ ವಿತ್’ (ಸಹಿಸಿಕೊಳ್ಳುವುದು), ‘ಲುಕ್ ಅಪ್ ಟು’ (ಗೌರವದಿಂದ ಕಾಣುವುದು) ಇಂಥ ಮೂರು ಪದದ ಜೋಡಣೆಗಳನ್ನು ಒಡೆಯುವಂತಿಲ್ಲ, ‘ಇಟ್’ ಕೊನೆಗೇ ಬರಬೇಕು.

ಇನ್ನೊಂದು ತಪ್ಪು ಬರವಣಿಗೆಯದು. ಪಿಕಪ್, ಬ್ಯಾಕಪ್, ಸೆಟಪ್, ಚೆಕಪ್ ನಮಗೆ ಒಂದೊಂದು ಪದವಾಗಿ ಬಂದವು, ಅವೆಲ್ಲ ನಾಮಪದಗಳು. ಹಾಗಾಗಿ ಇಂಗ್ಲಿಷಿನಲ್ಲಿ ಕ್ರಿಯೆಯನ್ನು ಹೇಳುವಾಗಲೂ ಒಟ್ಟಿಗೆ ಬರೆದುಬಿಡುತ್ತೇವೆ. ಕ್ರಿಯೆಯಾದರೆ ಎರಡು ಪದ, ಹೆಸರಾದರೆ ಒಂದು. ಅನುಮಾನ ಬಂದರೆ ಭೂತಕಾಲಕ್ಕೆ ತಿರುಗಿಸಿ ನೋಡಿ: ‘ಬ್ಯಾಕ್ಡ್ ಅಪ್’ ಎನ್ನಲು ಬಂದರೆ ಅಲ್ಲಿರುವುದು ಕ್ರಿಯೆ, ಬಿಡಿಸಿ ಬರೆಯಿರಿ. ಉಚ್ಚಾರಣೆಯೂ ಬದಲಾಗುತ್ತದೆ. ನಾಮಪದದಲ್ಲಿ ಒತ್ತು ಮೊದಲ ಭಾಗದ ಮೇಲೆ, ಕ್ರಿಯೆಯಲ್ಲಿ ಸಾಮಾನ್ಯವಾಗಿ ‘ಅಪ್’ ಮೇಲೆ.

ಬೇಡದಲ್ಲಿ ‘ಅಪ್’ ತುರುಕುವುದೂ ಉಂಟು. ‘ಕೋಪ್ ಅಪ್ ವಿತ್’ ಎಂದು ಬಹಳ ಜನ ಬರೆಯುತ್ತಾರೆ, ಬೇಕಾದದ್ದು ‘ಕೋಪ್ ವಿತ್’ ಮಾತ್ರ. ‘ಕ್ಯಾಚ್ ಅಪ್ ವಿತ್’, ‘ಕೀಪ್ ಅಪ್ ವಿತ್’ ಕೇಳಿ ಕೇಳಿ ಬಂದ ರೂಢಿ ಇರಬೇಕು. ತೊಟ್ಟಿ ತುಂಬಿಸುವುದು ‘ಫಿಲ್ ಅಪ್’, ಅರ್ಜಿ ತುಂಬುವುದಕ್ಕೆ ಬ್ರಿಟಿಷರಲ್ಲಿ ‘ಫಿಲ್ ಇನ್’, ಅಮೆರಿಕನ್ನರಲ್ಲಿ ‘ಫಿಲ್ ಔಟ್’ ಹೆಚ್ಚು ರೂಢಿ. ‘ವೇಕ್ ಅಪ್’ ಅಂದರೆ ಎಚ್ಚರವಾಗುವುದು, ‘ಗೆಟ್ ಅಪ್’ ಅಂದರೆ ಹಾಸಿಗೆ ಬಿಟ್ಟು ಏಳುವುದು. ಎರಡರ ನಡುವೆ ಒಂದು ಗಂಟೆ ಇದ್ದರೂ ಇರಬಹುದು!

ಸಣ್ಣ ಪದಕ್ಕೆ ಇಷ್ಟು ಅರ್ಥವೇ ಎಂದು ಗಾಬರಿಯಾಗಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಹೆಚ್ಚು ಜಾಗ ತಿಂದದ್ದು ‘ಸೆಟ್’ ಎಂಬ ಮೂರಕ್ಷರದ ಪದ. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದಿಕ್ಕಿತು, ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳನ್ನು ಕೊಟ್ಟಿದ್ದಾರೆ. ನಿತ್ಯ ಬಳಕೆಯಲ್ಲಿ ಸವೆದ ಪದಗಳಿಗೇ ಅರ್ಥ ಹೆಚ್ಚು.

ನೀವು ನಾಳೆಯಿಂದ ಮಾಡಬಹುದಾದದ್ದು ಇಷ್ಟು. ನಿಘಂಟಿನಲ್ಲಿ ‘ಅಪ್’ ಕೆಳಗೆ ಹುಡುಕಬೇಡಿ, ಕ್ರಿಯಾಪದದ ಕೆಳಗೆ ಹುಡುಕಿ, ಜೋಡಿಪದಗಳು ಹೆಚ್ಚಾಗಿ ಆ ನಮೂದಿನ ಕೊನೆಯಲ್ಲಿರುತ್ತವೆ. ಸಿಕ್ಕಿದ್ದನ್ನು ಪಟ್ಟಿಯಾಗಿ ಬರೆದುಕೊಳ್ಳದೆ, ಪ್ರತಿಯೊಂದಕ್ಕೂ ‘ಇಟ್’ ಇರುವ ಒಂದು ವಾಕ್ಯ ಬರೆಯಿರಿ. ಎದುರಿಗೆ ಕನ್ನಡದಲ್ಲಿ ‘ಬಿಡು’, ‘ಹಾಕು’, ‘ಇಡು’, ‘ಎತ್ತು’, ‘ಏರು’ ಇವುಗಳಲ್ಲಿ ಯಾವುದು ಹೊಂದುತ್ತದೆಯೋ ಅದನ್ನು ಗುರುತು ಹಾಕಿ. ಯಾವುದೂ ಹೊಂದದೆ ಉಳಿಯುವ ಕೆಲವನ್ನಷ್ಟೇ ಬಾಯಿಪಾಠ ಮಾಡಿದರೆ ಸಾಕು.