ಚಿನ್ನದ ಕಣ, ಲೇಸರ್ ಬೆಳಕು: ಅದಕ್ಕಾಗಿ ಕಾಯಬಹುದಾ?

ಪ್ರಶ್ನೆ: ನಮ್ಮ ಮಾವನವರಿಗೆ 61 ವರ್ಷ. ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಇತ್ತು. ಈಗ ಕೆನ್ನೆಯ ಒಳಗೆ ಕ್ಯಾನ್ಸರ್ ಗಡ್ಡೆ ಇದೆ. ಆಪರೇಷನ್ ಮಾಡಬೇಕು, ಆಮೇಲೆ ರೇಡಿಯೇಷನ್, ಕೀಮೋ ಬೇಕಾಗಬಹುದು ಎಂದಿದ್ದಾರೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ಚಿನ್ನದ ನ್ಯಾನೋ ಕಣಕ್ಕೆ ಕೀಮೋ ಔಷಧ ತುಂಬಿ, ಹೊರಗಿನಿಂದ ಬೆಳಕು ಬಿಟ್ಟರೆ ಗಡ್ಡೆ ಮಾತ್ರ ಸುಟ್ಟುಹೋಗುತ್ತದಂತೆ. ಕೂದಲೂ ಉದುರುವುದಿಲ್ಲವಂತೆ. ‘ಅದು ಬರೋ ತನಕ ನೋಡೋಣ’ ಎಂದು ಮಾವನವರು ಹಟ ಹಿಡಿದಿದ್ದಾರೆ. ಎರಡು ಮೂರು ತಿಂಗಳು ಕಾಯಬಹುದಾ?
ಓದುಗರು, ದಾವಣಗೆರೆ

ಉತ್ತರ: ಬೇಡ, ಕಾಯಬೇಡಿ. ಬಾಯಿ ಕ್ಯಾನ್ಸರಿಗೆ ಮೂರು ತಿಂಗಳು ಬಹಳ ಜಾಸ್ತಿ ಆಯಿತು. ಇವತ್ತು ತೆಗೆಯಬಹುದಾದ ಗಡ್ಡೆ ಅಷ್ಟರಲ್ಲಿ ಕುತ್ತಿಗೆಯ ಗಂಟುಗಳಿಗೆ ಇಳಿದಿರಬಹುದು. ಮೊದಲು ಆಪರೇಷನ್ ತಾರೀಖು ಗೊತ್ತುಮಾಡಿ. ಮುಂದಿನದನ್ನು ಮಾವನವರಿಗೆ ಓದಿ ಹೇಳಿ.

ಆ ವಿಡಿಯೊ ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅರ್ಧ ನಿಜ ಇರುವುದರಿಂದಲೇ ತೊಂದರೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ನವೋಮಿ ಹ್ಯಾಲಸ್ ಮತ್ತು ಜೆನಿಫರ್ ವೆಸ್ಟ್ ಎಂಬ ವಿಜ್ಞಾನಿಗಳು ಇಂಥ ಚಿನ್ನದ ಕಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಒಳಗೆ ಸಿಲಿಕಾದ ಗುಂಡು, ಮೇಲೆ ಚಿನ್ನದ ತೆಳು ಲೇಪ. ಅಗಲ ಸುಮಾರು 150 ನ್ಯಾನೋಮೀಟರ್. ಒಂದು ಕೂದಲಿನ ದಪ್ಪಕ್ಕೆ ಇಂಥವು ನೂರಾರು ಸಾಲಾಗಿ ಕೂರುತ್ತವೆ.

ರಾತ್ರಿ ಕರೆಂಟ್ ಹೋದಾಗ ಅಂಗೈಗೆ ಟಾರ್ಚ್ ಒತ್ತಿ ಹಿಡಿದು ನೋಡಿದ್ದೀರಲ್ವಾ? ಕೆಂಪು ಬೆಳಕು ಮಾತ್ರ ಆಚೆ ಕಾಣುತ್ತದೆ. ಉಳಿದ ಬಣ್ಣಗಳನ್ನು ರಕ್ತ, ಮಾಂಸ ನುಂಗಿಬಿಡುತ್ತವೆ. ಕೆಂಪಿಗಿಂತ ಸ್ವಲ್ಪ ಆಚೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಇನ್ನೂ ಒಳಕ್ಕೆ ಹೋಗುತ್ತದೆ. ಈ ಕಣಗಳು ಸರಿಯಾಗಿ ಆ ಬೆಳಕನ್ನೇ ಹೀರಿ ಬಿಸಿಯಾಗುವಂತೆ ಲೇಪದ ದಪ್ಪವನ್ನು ಹೊಂದಿಸಿರುತ್ತಾರೆ. ಸುತ್ತಲಿನ ಮಾಂಸ ಅಷ್ಟು ಬಿಸಿಯಾಗುವುದಿಲ್ಲ, ಕಣ ಇರುವ ಜಾಗ ಬೇಯುತ್ತದೆ.

ಮನುಷ್ಯರ ಮೇಲಿನ ಫಲಿತಾಂಶ 2019ರಲ್ಲಿ ಬಂತು. ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ 16 ಗಂಡಸರನ್ನು ಆರಿಸಿದ್ದರು. ಮೊದಲು ರಕ್ತನಾಳಕ್ಕೆ ಕಣಗಳ ಡ್ರಿಪ್ ಕೊಟ್ಟು, ಆಮೇಲೆ ಗ್ರಂಥಿಯೊಳಕ್ಕೇ ಲೇಸರ್ ಎಳೆ ತೂರಿಸಿ ಬೆಳಕು ಬಿಟ್ಟರು. ಚಿಕಿತ್ಸೆ ಪೂರ್ತಿಯಾದ 15 ಜನರಲ್ಲಿ 13 ಜನರಿಗೆ ವರ್ಷದ ನಂತರ ಅಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಅವೆಲ್ಲ ಸಣ್ಣ, ಅಲ್ಲೇ ನಿಂತಿದ್ದ, ಅಷ್ಟೇನೂ ಆಕ್ರಮಣಕಾರಿ ಅಲ್ಲದ ಗಡ್ಡೆಗಳು. ಲೇಸರ್ ಹೊರಗಿನಿಂದ ಬಂದಿರಲಿಲ್ಲ. ಆ ಕಣಗಳಲ್ಲಿ ಕೀಮೋ ಔಷಧವೂ ಇರಲಿಲ್ಲ, ಕೆಲಸ ಮಾಡಿದ್ದು ಬರೀ ಬಿಸಿ.

ಹಾಗಾದರೆ ಔಷಧ ಯಾಕೆ ಸೇರಿಸುತ್ತಾರೆ? ಬಿಸಿ ಎಲ್ಲ ಕಡೆ ಒಂದೇ ಸಮ ಹರಡುವುದಿಲ್ಲ. ಕಾವಲಿಯ ಮೇಲೆ ದೊಡ್ಡ ದೋಸೆ ಹುಯ್ದರೆ ನಡುವೆ ಕೆಂಪಗಾಗಿ ಅಂಚು ಬೆಳ್ಳಗೇ ಉಳಿಯುತ್ತದಲ್ಲ, ಹಾಗೆ. ಗಡ್ಡೆಯ ನಡುವೆ 50 ಡಿಗ್ರಿ ದಾಟಿದರೆ ಜೀವಕೋಶಗಳು ಬೇಗ ಸಾಯುತ್ತವೆ. ಅಂಚಿನಲ್ಲಿ 42–43 ಡಿಗ್ರಿ ಇದ್ದರೆ ಬದುಕಿಕೊಳ್ಳಬಹುದು. ಗಡ್ಡೆ ಮತ್ತೆ ಬೆಳೆಯುವುದು ಈ ಅಂಚಿನಿಂದಲೇ. ಆದರೆ ಆ ಹದದ ಬಿಸಿಯಲ್ಲಿ ಜೀವಕೋಶ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಒದ್ದಾಡುತ್ತದೆ. ಆಗಲೇ ಕೀಮೋ ಅಥವಾ ರೇಡಿಯೇಷನ್ ಕೊಟ್ಟರೆ ಪೆಟ್ಟು ಜೋರಾಗಿ ಬೀಳುತ್ತದೆ. ಸಂಯುಕ್ತ ಚಿಕಿತ್ಸೆಯ ಗುಟ್ಟು ಇಷ್ಟೇ: ನಡುವಿಗೆ ಬಿಸಿ, ಅಂಚಿಗೆ ಔಷಧ.

ಔಷಧವನ್ನು ಅಲ್ಲೇ ಬಿಡಿಸುವ ಉಪಾಯವೂ ಚೆನ್ನಾಗಿದೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಬಿಸಿಲಿಗಿಟ್ಟರೆ ಕರಗುತ್ತದೆ. ಹಾಗೇ ಸುಮಾರು 41 ಡಿಗ್ರಿಯಲ್ಲಿ ಸಡಿಲವಾಗುವ ಕೊಬ್ಬಿನ ಪೊರೆಯೊಳಗೆ ಔಷಧ ಇಡುತ್ತಾರೆ. ಬೆಳಕು ಬಿದ್ದು ಬಿಸಿಯಾದ ಕಡೆ ಮಾತ್ರ ಅದು ಸೋರುತ್ತದೆ. ಇಲಿಗಳಲ್ಲಿ ಇದೆಲ್ಲ ಸೊಗಸಾಗಿ ನಡೆಯುತ್ತದೆ. ಇಲಿಯ ಗಡ್ಡೆ ಚರ್ಮದ ಕೆಳಗೇ ಇರುತ್ತದೆ, ಕಡಲೆಕಾಳಿನಷ್ಟು. ನಮ್ಮ ಮೈಯಲ್ಲಿ ಈ ಬೆಳಕು ಒಂದು ಸೆಂಟಿಮೀಟರ್ ದಾಟುವ ಹೊತ್ತಿಗೆ ಸೊರಗಿರುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ನೋಡಿದಾಗ, ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆ ತಲುಪುತ್ತಿದ್ದುದು ಹೆಚ್ಚುಕಡಿಮೆ 0.7 ಶೇಕಡಾ. ಬಹುಪಾಲನ್ನು ಲಿವರ್, ಗುಲ್ಮ ಹಿಡಿದಿಟ್ಟುಕೊಳ್ಳುತ್ತವೆ. ‘ಗಡ್ಡೆಗೆ ಮಾತ್ರ’ ಎಂಬ ಮಾತನ್ನು ನಾನು ಇದಕ್ಕೇ ಪೂರ್ತಿ ಒಪ್ಪುವುದಿಲ್ಲ.

ಬಾಯಿಯೊಳಗೆ ಬೆಳಕು ಬಿಡುವುದು ಸುಲಭ, ಅದು ನಿಜ. ಅಲಿಗಢದಲ್ಲಿ ಬ್ಯಾಟರಿಯಿಂದ ನಡೆಯುವ ಅಗ್ಗದ ಎಲ್‌ಇಡಿ ಸಾಧನ ಬಳಸಿ, ತೀರ ಆರಂಭದ ಬಾಯಿ ಕ್ಯಾನ್ಸರಿಗೆ ಬೆಳಕಿನ ಚಿಕಿತ್ಸೆ ಮಾಡಿ ನೋಡಿದ್ದಾರೆ. ಅಲ್ಲಿ ನ್ಯಾನೋ ಕಣ ಇಲ್ಲ, ಬೆಳಕಿಗೆ ಎಚ್ಚರಗೊಳ್ಳುವ ಔಷಧ ಇದೆ. ಗಡ್ಡೆ ಆಳಕ್ಕೆ ಇಳಿದಿದ್ದರೆ, ಕುತ್ತಿಗೆಯಲ್ಲಿ ಗಂಟು ಇದ್ದರೆ ಆ ದಾರಿ ಸಾಲದು.

ಯಾರಾದರೂ ದುಡ್ಡು ಕೇಳಿ ‘ನ್ಯಾನೋ ಚಿಕಿತ್ಸೆ’ ಕೊಡುತ್ತೇವೆ ಎಂದರೆ ಸಿಟಿಆರ್‌ಐ (ಔಷಧ ಪ್ರಯೋಗಗಳನ್ನು ದಾಖಲಿಸುವ ಭಾರತದ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ಔಷಧ ಪ್ರಯೋಗ ನಡೆಸುವವರ ಬಳಿ ಅದು ಇರಲೇಬೇಕು.

ಪ್ರಶ್ನೆ: ಮಗ ಜಪಾನಿನಲ್ಲಿದ್ದಾನೆ. ಅಲ್ಲಿ ಬೆಳಕಿನಿಂದ ಗಂಟಲು ಕ್ಯಾನ್ಸರ್ ಗುಣಪಡಿಸುತ್ತಾರಂತೆ. ಚಿಕಿತ್ಸೆಯ ನಂತರ ಬಿಸಿಲಿಗೆ ಹೋಗಬಾರದಂತೆ. ಇದು ಹೌದೇ?
ಓದುಗರು, ಉಡುಪಿ

ಉತ್ತರ: ಜಪಾನ್ 2020ರಲ್ಲಿ ಅಕಾಲಕ್ಸ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆಪರೇಷನ್ ಮಾಡಲಾಗದ, ಅಥವಾ ಮತ್ತೆ ಬಂದ ತಲೆ–ಕುತ್ತಿಗೆ ಕ್ಯಾನ್ಸರಿಗೆ ಅದು. ಕ್ಯಾನ್ಸರ್ ಜೀವಕೋಶಕ್ಕೆ ಅಂಟುವ ಆಂಟಿಬಾಡಿಗೆ ಒಂದು ಬಣ್ಣದ ರಾಸಾಯನಿಕ ಕಟ್ಟಿರುತ್ತಾರೆ. ಕೆಂಪು ಬೆಳಕು ಬಿದ್ದರೆ ಜೀವಕೋಶದ ಪೊರೆ ಒಡೆಯುತ್ತದೆ. ‘ಗುಣಪಡಿಸುತ್ತಾರೆ’ ಎನ್ನುವುದಕ್ಕಿಂತ, ಬೇರೆ ದಾರಿ ಇಲ್ಲದವರಿಗೆ ಇನ್ನೊಂದು ದಾರಿ ಎನ್ನಿ.

ಬಿಸಿಲಿನ ಮಾತು ಸರಿ. ಔಷಧ ಚರ್ಮದಲ್ಲೂ ಸ್ವಲ್ಪ ದಿನ ಉಳಿಯುತ್ತದೆ. 1995ರಲ್ಲಿ ಅಮೆರಿಕದಲ್ಲಿ ಅನ್ನನಾಳದ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಫೋಟೋಫ್ರಿನ್ ತೆಗೆದುಕೊಂಡವರು ಕನಿಷ್ಠ 30 ದಿನ ಬಿಸಿಲು ತಪ್ಪಿಸಬೇಕು. ಅಂದಹಾಗೆ, ಈ ಇಡೀ ವಿದ್ಯೆ ಶುರುವಾದದ್ದು ಒಬ್ಬ ವಿದ್ಯಾರ್ಥಿಯಿಂದ. 1900ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಎಂಬಾತ, ಬಣ್ಣ ಬೆರೆಸಿದ ನೀರಿನ ಸೂಕ್ಷ್ಮಜೀವಿಗಳು ಬೆಳಕಿದ್ದಾಗ ಬೇಗ ಸಾಯುತ್ತವೆ, ಕತ್ತಲಲ್ಲಿ ಅಷ್ಟು ಬೇಗ ಸಾಯುವುದಿಲ್ಲ ಎಂದು ಗಮನಿಸಿದ.

ಪ್ರಶ್ನೆ: ಸ್ವರ್ಣ ಭಸ್ಮ ತಿಂದು ಬಿಸಿಲಿಗೆ ಮೈಯೊಡ್ಡಿದರೆ ಇದೇ ಪರಿಣಾಮ ಸಿಗುತ್ತದೆಯೇ?
ಓದುಗರು, ತುಮಕೂರು

ಉತ್ತರ: ಇಲ್ಲ. ಭಸ್ಮದ ಕಣಗಳಿಗೆ ಒಂದೇ ಅಳತೆ ಇರುವುದಿಲ್ಲ. ತಿಂದ ಚಿನ್ನ ಗಡ್ಡೆಗೆ ಹೋಗಿ ಕೂರುವುದಿಲ್ಲ. ಬಿಸಿಲು ಲೇಸರಿನಷ್ಟು ಒತ್ತಾಗಿ ಒಂದೇ ಕಡೆ ಬೀಳುವುದೂ ಇಲ್ಲ. ಮಧ್ಯಾಹ್ನ ಸುಮ್ನೆ ಮೈ ಸುಟ್ಟುಕೊಳ್ಳಬೇಡಿ. ಕೀಮೋ ನಡೆಯುತ್ತಿದ್ದರೆ, ಏನೇನು ಭಸ್ಮ, ಪುಡಿ ತಿನ್ನುತ್ತಿದ್ದೀರಿ ಎಂಬುದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೈಯ್ದರೆ ಬೈಯ್ಯಲಿ.