ಮಾಲಿಕ್ಯುಲರ್ ಬಯಾಲಜಿ ಸೀಟು ಸಿಕ್ಕಿದೆ, ಮನೆಯಲ್ಲಿ ಬಿಎಡ್ ಮಾಡು ಅಂತಾರೆ

ಪ್ರಶ್ನೆ: ನನಗೆ 21 ವರ್ಷ, ಹಾವೇರಿ ಕಡೆಯ ಹಳ್ಳಿ. ಬಿಎಸ್ಸಿ ಮುಗಿದಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಲಿಕ್ಯುಲರ್ ಬಯಾಲಜಿಗೆ ಸೀಟು ಸಿಕ್ಕಿದೆ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಬಿಟಿ ಹತ್ತಿ, ಗೋವಿನಜೋಳ ಬೆಳೆಯುತ್ತಾರೆ. ‘ಬಿಎಡ್ ಮಾಡು, ಹತ್ತಿರದಲ್ಲೇ ಟೀಚರ್ ಆಗು, ಇದನ್ನು ಓದಿದರೆ ಏನು ಕೆಲಸ ಸಿಗುತ್ತೆ’ ಅಂತ ಅಪ್ಪ, ಕಾಕಾ ಇಬ್ಬರೂ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಕಾಲೇಜಿನಲ್ಲಿ ಪಿಸಿಆರ್ ಮಷಿನ್ (ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸೋ ಯಂತ್ರ) ಕಣ್ಣಲ್ಲೂ ನೋಡಿಲ್ಲ, ರೆಕಾರ್ಡಿನಲ್ಲಿ ಚಿತ್ರ ಬರೆದಿದ್ದೇನೆ ಅಷ್ಟೇ. ಹೋಗಲಾ, ಬೇಡವಾ?

ಉತ್ತರ: ಹೋಗಿ. ಆದರೆ ಎರಡು ವರ್ಷಕ್ಕೆ ಕೆಲಸ ಗ್ಯಾರಂಟಿ ಅಂತ ಅಪ್ಪನಿಗೆ ಹೇಳಿ ಹೋಗಬೇಡಿ.

ಅಪ್ಪ ಕೇಳುತ್ತಿರುವುದು ಸರಿಯಾದ ಪ್ರಶ್ನೆ. ಬರೀ ಎಂಎಸ್ಸಿ ಇಟ್ಟುಕೊಂಡು ಬೆಂಗಳೂರಿನ ಖಾಸಗಿ ಲ್ಯಾಬುಗಳಲ್ಲಿ ಸೇರಿದರೆ, ಶುರುವಿನ ಸಂಬಳದಲ್ಲಿ ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಊರಿಗೆ ಕಳಿಸೋಕೆ ಜಾಸ್ತಿ ಏನೂ ಉಳಿಯಲ್ಲ. ಈ ಓದಿನ ನಿಜವಾದ ದಾರಿ ಪಿಎಚ್‌ಡಿ ಕಡೆಗೆ ಹೋಗುತ್ತದೆ, ಅಂದರೆ ಎಂಎಸ್ಸಿಯ ಎರಡು ವರ್ಷವೂ ಸೇರಿ ಒಟ್ಟು ಸುಮಾರು ಏಳು ವರ್ಷದ ಮಾತು. ಸಮಾಧಾನದ ಸಂಗತಿ ಏನೆಂದರೆ ಆ ಏಳೂ ವರ್ಷ ಅಪ್ಪನ ಜೇಬಿನಿಂದ ಹೋಗಬೇಕಿಲ್ಲ: ಸಿಎಸ್‌ಐಆರ್-ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆಯ ಲೈಫ್ ಸೈನ್ಸಸ್ ವಿಷಯದಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಬಂದರೆ, 2023ರಲ್ಲಿ ಏರಿಸಿದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಎಂಎಸ್ಸಿ ಕೊನೆಯ ವರ್ಷದಲ್ಲಿ ಇರುವಾಗಲೇ ಪರೀಕ್ಷೆ ಬರೆಯಬಹುದು. ಸುಲಭದ ಪರೀಕ್ಷೆ ಅಲ್ಲ, ಮೊದಲ ವರ್ಷದಿಂದಲೇ ಓದಬೇಕು. ಬರದೇ ಹೋದರೆ? ಬಿಎಡ್‌ಗೆ ನಿಮ್ಮ ಈಗಿನ ಬಿಎಸ್ಸಿ ಸಾಕು, ಆ ಬಾಗಿಲು ಎರಡು ವರ್ಷದಲ್ಲಿ ಮುಚ್ಚಿಹೋಗಲ್ಲ.

ಮಷಿನ್ ನೋಡಿಲ್ಲ ಅನ್ನೋ ಭಯ ಬಿಡಿ. ಹನಿಗಿಂತ ಕಡಿಮೆ ದ್ರವವನ್ನೂ ಅಳೆದು ಹಾಕೋ ಪಿಪೆಟ್ ಹಿಡಿಯೋದು ಒಂದು ವಾರದಲ್ಲಿ ಕೈಗೆ ಬರುತ್ತೆ. ಬರಬೇಕಾದ್ದು ಬೇರೆ ಇದೆ. ನಾನು ಎಂಎಸ್ಸಿ ಪ್ರಾಜೆಕ್ಟಿನಲ್ಲಿ ಪಿಸಿಆರ್ ಮಾಡುವಾಗ ಒಂದು ಟ್ಯೂಬಿಗೆ ಡಿಎನ್‌ಎ ಬದಲು ಬರೀ ನೀರು ಹಾಕುತ್ತಿದ್ದೆ. ಅದು ನೆಗೆಟಿವ್ ಕಂಟ್ರೋಲ್, ಅದರಲ್ಲಿ ಏನೂ ಬರಬಾರದು. ರಾತ್ರಿ ಎಂಟಕ್ಕೆ ಕತ್ತಲೆ ಕೋಣೆಯಲ್ಲಿ ಜೆಲ್ ಅನ್ನು (ಪ್ರತಿ ಟ್ಯೂಬಿನ ಡಿಎನ್‌ಎಯನ್ನು ಒಂದೊಂದು ಸಾಲಿನಲ್ಲಿ ಓಡಿಸೋ ಪದರ) ಯುವಿ ಬೆಳಕಿನ ಮೇಲೆ ಇಟ್ಟರೆ, ಎಲ್ಲಾ ಸಾಲುಗಳ ಜೊತೆ ಆ ನೀರಿನ ಸಾಲಿನಲ್ಲೂ ಕಿತ್ತಳೆ ಬಣ್ಣದ ಬ್ಯಾಂಡು ಹೊಳೆಯುತ್ತಿತ್ತು, ಅಂದರೆ ಅಲ್ಲೂ ಡಿಎನ್‌ಎ ಇತ್ತು. ಪಿಸಿಆರ್ 30 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ಡಿಎನ್‌ಎಯ ಒಂದೇ ಒಂದು ತುಣುಕು ನೂರು ಕೋಟಿ ದಾಟುತ್ತದೆ, ಹಾಗಾಗಿ ಕಣ್ಣಿಗೆ ಕಾಣದಷ್ಟು ಕಲಬೆರಕೆ ಆದರೂ ಇಡೀ ಕೆಲಸ ಹೋಯಿತು. ಪಿಪೆಟ್‌ನ ಟಿಪ್ ಬದಲಿಸಿದೆ, ಪ್ರೈಮರ್ (ನಕಲು ಶುರುಮಾಡಿಸೋ ಚಿಕ್ಕ ಡಿಎನ್‌ಎ ತುಣುಕು) ಬದಲಿಸಿದೆ, ಬಫರ್ ಬದಲಿಸಿದೆ. ಮೂರು ವಾರ ಆದಮೇಲೆ ಸಿಕ್ಕಿತು, ನಾನು ದಿನಾ ಬಳಸುತ್ತಿದ್ದ ನೀರಿನ ಬಾಟಲಿಯೇ ಕೆಟ್ಟಿತ್ತು. ಹಾಸ್ಟೆಲ್‌ಗೆ ಹೋಗಿ ಅತ್ತಿದ್ದೇನೆ. ಆದರೆ ಬೆಳಿಗ್ಗೆ ಎದ್ದಾಗ ‘ಯಾಕೆ ಹೀಗಾಯ್ತು’ ಅನ್ನೋ ಪ್ರಶ್ನೆಯೇ ಮತ್ತೆ ಲ್ಯಾಬಿಗೆ ಎಳೆದುಕೊಂಡು ಹೋಗುತ್ತಿತ್ತು. ಆ ಎಳೆತ ನಿಮ್ಮಲ್ಲಿ ಇದೆಯಾ ಅಂತ ಮೊದಲ ವರ್ಷದಲ್ಲೇ ನೋಡಿಕೊಳ್ಳಿ. ಮಾರ್ಕ್ಸ್ ಕಾರ್ಡ್ ನೋಡಿದರೆ ಅದು ಗೊತ್ತಾಗಲ್ಲ.

ನೋಡಿಕೊಳ್ಳೋಕೆ ಒಳ್ಳೇ ಉಪಾಯ ಇದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಫೆಲೋಶಿಪ್ ಕೊಡುತ್ತವೆ, ವಿಜ್ಞಾನಿಗಳ ಲ್ಯಾಬಿನಲ್ಲೇ ಕೆಲಸ ಮಾಡಬಹುದು. ಅರ್ಜಿ ಹಿಂದಿನ ವರ್ಷದ ಕೊನೆಯಲ್ಲೇ ಕರೆಯುತ್ತಾರೆ, ಸೇರಿದ ಮೊದಲ ಸೆಮಿಸ್ಟರಿನಲ್ಲೇ ಕಣ್ಣಿಟ್ಟಿರಿ.

ಇನ್ನು ಅಪ್ಪನ ಜೊತೆ ಮಾತು. ಕಾಕಾ ಇಲ್ಲದಾಗ, ಹೊಲದಲ್ಲೇ ಮಾತಾಡಿ, ಅಲ್ಲಿ ವಿಷಯ ಅವರ ಕಾಲ ಕೆಳಗೇ ಇದೆ ಅಲ್ವಾ? ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಜೀನ್ ತೆಗೆದು ಹತ್ತಿ ಗಿಡದೊಳಗೆ ಸೇರಿಸಿದ್ದೇ ಬಿಟಿ ಹತ್ತಿ, ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಬೀಜವನ್ನು ಅವರೇ ಬಿತ್ತಿದ್ದಾರೆ. ಗುಲಾಬಿ ಕಾಯಿಕೊರಕ ಈಗ ಅದಕ್ಕೂ ಜಗ್ಗುತ್ತಿಲ್ಲ ಅನ್ನೋದು ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ‘ಯಾಕೆ ಜಗ್ಗುತ್ತಿಲ್ಲ ಅಂತ ಹುಡುಕೋರು ಓದೋದು ಇದನ್ನೇ ಅಪ್ಪ’ ಅನ್ನಿ. ಆಮೇಲೆ ಖರ್ಚಿನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡಿ: ಫೀಸು, ಹಾಸ್ಟೆಲ್, ಮೆಸ್ಸು, ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಬರಬಹುದಾದ ಸ್ಕಾಲರ್‌ಶಿಪ್, ಎಲ್ಲವೂ ಇರಲಿ. ಹಾಸ್ಟೆಲ್ ಅರ್ಜಿಯನ್ನು ಸೀಟಿನ ಜೊತೆಗೇ ಹಾಕಿ, ತಡ ಮಾಡಬೇಡಿ.